ಇಲ್ಲದ ಕೇಸಿನ ಆರೋಪಿ

ಗಡಹಿಂಗ್ಲಜ,
ಮಂಗಳವಾರ, ೧೧ ನವೆಂಬರ್ ೨೦೨೫

ಪ್ರೀತಿಯ ತಮ್ಮ ಬಸವಂತಾ,

ನಿನ್ನ ಅಕ್ಕ ತಂಗೆವ್ವನ ಆಶೀರ್ವಾದಗಳು. ಮೊಣಕಾಲು ಹೇಗಿದೆ? ಕಳೆದ ಸಂತೆಯ ದಿನ ಸಂಕೇಶ್ವರದ ಸ್ಟ್ಯಾಂಡಿನ ಮೆಟ್ಟಿಲು ಇಳಿಯುವಾಗ ನೀನು ಕಂಬ ಹಿಡಿದದ್ದನ್ನು ನೋಡಿದೆ, ನೋಡದವಳ ಹಾಗೆ ಬುತ್ತಿ ಬಿಚ್ಚಿದೆ. ಎಣ್ಣೆ ಕಾಯಿಸಿ ಹಚ್ಚಿಕೋ ಅಂದರೆ ಹಚ್ಚಿಕೊಳ್ಳುವ ಪೈಕಿಯಲ್ಲ ನೀನು. ಕೊಟ್ಟ ಶೇಂಗಾ ಚಟ್ನಿ ಮುಗಿದಿರಬೇಕು, ಇಲ್ಲವೇ ಪಕ್ಕದ ಮನೆಯವರಿಗೆ ಹಂಚಿ ದೊಡ್ಡ ಮನುಷ್ಯನಾಗಿರಬೇಕು. ನನ್ನ ಬಿಪಿ ಹೋದ ರವಿವಾರದ ತನಕ ಚೆನ್ನಾಗಿಯೇ ಇತ್ತು. ಅಲ್ಲಿಂದೀಚೆಗೆ ಗುಳಿಗೆಗೂ ಬಗ್ಗುತ್ತಿಲ್ಲ. ಯಾಕೆ ಅಂತ ಹೇಳಲಿಕ್ಕೇ ಈ ಪತ್ರ.

ಫೋನ್ ಇರುವಾಗ ಪತ್ರ ಯಾಕೆ ಅನ್ನಬೇಡ. ಫೋನಿನಲ್ಲಿ ನಾನು ಗುರಣ್ಣನ ಹೆಸರು ತೆಗೆದರೆ ಸಾಕು, ನಿನಗೆ ಥಟ್ಟನೆ ರೇಂಜ್ ಹೋಗುತ್ತದೆ. "ಅಕ್ಕಾ, ದನಿ ಕೇಳವಲ್ದು" ಅನ್ನುತ್ತೀ. ಕಾಗದದ ಮೇಲೆ ಬರೆದದ್ದು ಕೇಳುವುದಿಲ್ಲ ಅನ್ನಲು ಬರುವುದಿಲ್ಲವಲ್ಲ. ಪೋಸ್ಟಿಗೆ ಹಾಕಿದರೆ ಎರಡು ರಾಜ್ಯ ಸುತ್ತಿ ನಿನ್ನ ಮನೆ ಮುಟ್ಟಲು ವಾರ ಬೇಕು. ಅದಕ್ಕೇ ಆಜರಾದಿಂದ ಗೋಡಂಬಿ ತಂದು ಸಂಕೇಶ್ವರದ ಸಂತೆಯಲ್ಲಿ ಮಾರುವ ಮಲಕವ್ವನ ಕೈಯಲ್ಲಿ ಕೊಡುತ್ತಿದ್ದೇನೆ. ನೀನು ಪೂರ್ತಿ ಓದುವ ತನಕ ಎದುರಿಗೇ ನಿಲ್ಲು ಅಂತ ಅವಳಿಗೆ ಹೇಳಿದ್ದೇನೆ. ಅವಳನ್ನು ಚಹಾ ಕುಡಿಸದೆ ಕಳಿಸಬೇಡ.

ಮೊದಲು ಮನೆಯ ಸುದ್ದಿ. ಇಚಲಕರಂಜಿಯಲ್ಲಿರುವ ನನ್ನ ಮಗ ಅವಿನಾಶನ ಮಗಳು ಸೋನಾಲಿ ಕೊಲ್ಲಾಪುರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವುದು ನಿನಗೆ ಗೊತ್ತು. ಅವಳ ಕೋಣೆಯಲ್ಲಿ ಪ್ರಣಾಲಿ ಅಂತ ಒಬ್ಬ ಹುಡುಗಿ ಇದ್ದಾಳೆ, ಅಕಿವಾಟದ ಜೈನ ರೈತರ ಮನೆಯವಳು, ವಕೀಲಿ ಓದುತ್ತಾಳೆ. ಮನೆಗೆ ಬಂದರೆ ನನ್ನ ಕೈಯಿಂದ ಕಸಬರಿಗೆ ಕಸಿದುಕೊಳ್ಳುತ್ತಾಳೆ. ಉಳ್ಳಾಗಡ್ಡಿ ಹಾಕಿದ ಪಲ್ಯ ಮುಟ್ಟುವುದಿಲ್ಲ, ಅವಳದೊಂದೇ ಕಿರಿಕಿರಿ ಅದು. ಈ ದೀಪಾವಳಿಗೆ ಸೋನಾಲಿ ಅಪ್ಪನ ಎದುರು ನಿಂತು, ತನಗೆ ಗಂಡು ನೋಡುವುದು ಬೇಡ, ತಾನೂ ಪ್ರಣಾಲಿಯೂ ಜೋಡಿಯಾಗಿ ಬಾಳುತ್ತೇವೆ ಅಂತ ಹೇಳಿಬಿಟ್ಟಳು. ತಲೆ ಬಗ್ಗಿಸಲಿಲ್ಲ, ಅಳಲಿಲ್ಲ, ಮಾವಿನಕಾಯಿ ರೇಟು ಹೇಳಿದ ಹಾಗೆ ಹೇಳಿದಳು. ಅವಿನಾಶ ಮೊದಲು ನಕ್ಕ, ಆಮೇಲೆ ಟಿವಿ ಆರಿಸಿದ, ಆಮೇಲೆ ತಾತ್ಯಾಸಾಹೇಬನಿಗೆ ಫೋನು ಹಚ್ಚಿದ.

ಹೌದು, ಅದೇ ತಾತ್ಯಾಸಾಹೇಬ. ಕೋರ್ಟಿನಲ್ಲಿ ಕಾರಕೂನನಾಗಿದ್ದು, ಈಗ ಪೆನ್ಶನ್ ತಿನ್ನುತ್ತ ಓಣಿಗೆಲ್ಲ ಕಾಯ್ದೆ ಹೇಳುವವನು. ಎಂಬತ್ತು ದಾಟಿದೆ, ಹಲ್ಲೆಲ್ಲ ಹೋಗಿವೆ, ದರ್ಪ ಮಾತ್ರ ಹಾಗೇ ಇದೆ. ಮೊನ್ನೆ ರವಿವಾರ ಅವಿನಾಶನ ಮನೆಯಲ್ಲಿ ಬೈಠಕ್ ಕೂತಿತು. ನಾನೂ ಹೋಗಿದ್ದೆ. ಹುಡುಗಿಯರಿಬ್ಬರನ್ನೂ ಕರೆಸಿದ್ದರು. ತಾತ್ಯಾ ಬಂದವನೇ ಕಂಕುಳಲ್ಲಿದ್ದ ಕೆಂಪು ರಟ್ಟಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, "ಹೆಣ್ಮಕ್ಕಳೆಲ್ಲಾ ಒಳಗ ಹೋಗ್ರಿ, ಇದು ನಿಮ್ಮ ಮುಂದ ಆಡೂ ಮಾತಲ್ಲ" ಅಂದ. ನೋಡು ಬಸವಂತಾ, ಇಬ್ಬರು ಹೆಣ್ಣುಮಕ್ಕಳ ಬಾಳಿನ ಮಾತು, ಅದಕ್ಕೆ ಹೆಣ್ಣುಮಕ್ಕಳೇ ಹೊರಗಂತೆ! ನಾನು ಬಾಗಿಲಿನ ಹೊಸ್ತಿಲ ಮೇಲೆ ಕಾಲು ನೀಡಿ ಕೂತುಬಿಟ್ಟೆ. ನನ್ನನ್ನು ದಾಟಿ ಯಾರೂ ಒಳಗೂ ಹೋಗಲಾಗಲಿಲ್ಲ, ಹೊರಗೂ ಹೋಗಲಾಗಲಿಲ್ಲ.

ಅವನು ಕನ್ನಡಕ ಒರೆಸಿ ಓದಿದ. "ಕಲಂ ತೀನಶೇ ಸತ್ಯಾಹತ್ತರ. ನಿಸರ್ಗದ ನಿಯಮಕ್ಕ ವಿರುದ್ಧ. ದಹಾ ವರ್ಷ, ಇಲ್ಲಾಂದ್ರ ಜನ್ಮಠೇಪ." ಮುನ್ನೂರ ಎಪ್ಪತ್ತೇಳನೇ ಕಲಂ, ಹತ್ತು ವರ್ಷ ಇಲ್ಲವೇ ಜೀವಾವಧಿ. ಅದೇ ವಾಕ್ಯ, ಅದೇ ರಾಗ, ‘ಜನ್ಮಠೇಪ’ ಅನ್ನುವಲ್ಲಿ ಅದೇ ನಿಲುಗಡೆ. ಮೂವತ್ತು ವರ್ಷದ ಹಿಂದೆ ಅಪ್ಪನ ಎದುರು ಕೂತು ಓದಿದನಲ್ಲ, ಥೇಟ್ ಹಾಗೆ.

ನಿನಗೆ ನೆನಪಿಸುವ ಅಗತ್ಯವಿಲ್ಲ, ಆದರೂ ಬರೆಯುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಇದನ್ನು ಯಾರೂ ಪೂರ್ತಿ ವಾಕ್ಯದಲ್ಲಿ ಹೇಳಿಯೇ ಇಲ್ಲ. ನೀನೂ ಗುರಣ್ಣನೂ ಇಚಲಕರಂಜಿಯಲ್ಲಿ ಮಗ್ಗದ ಒಂದೇ ಶೆಡ್ಡಿನಲ್ಲಿ ವಹಿ-ಫಣಿ ಕೆಲಸಕ್ಕಿದ್ದಿರಿ. ಹಾಸು ಮಗ್ಗಕ್ಕೆ ಏರುವ ಮೊದಲು ಅದರ ಸಾವಿರಾರು ಎಳೆಗಳನ್ನು ಒಂದೊಂದಾಗಿ ವಹಿಯ ಸಣ್ಣ ಕಣ್ಣುಗಳಲ್ಲಿ, ಆಮೇಲೆ ಫಣಿಯ ಹಲ್ಲುಗಳಲ್ಲಿ ತೂರಿಸುವ ಕೆಲಸ. ಒಬ್ಬನಿಂದ ಆಗುವಂಥದ್ದಲ್ಲ. ಒಬ್ಬ ಆಚೆ ಕೂತು ಎಳೆ ಆರಿಸಿ ಕೊಡಬೇಕು, ಇನ್ನೊಬ್ಬ ಈಚೆ ಕೂತು ಕೊಕ್ಕೆಯಿಂದ ಎಳೆದುಕೊಳ್ಳಬೇಕು. ಒಂದು ಎಳೆ ತಪ್ಪಿದರೂ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ. ನಾನು ಊಟ ತಂದಾಗೆಲ್ಲ ನೀವು ಎದುರುಬದುರು ಕೂತಿರುತ್ತಿದ್ದಿರಿ, ನಡುವೆ ದಾರ, ಒಂದು ಮಾತಿಲ್ಲ ಕತೆಯಿಲ್ಲ, ಅವನು ಕೈ ನೀಡುವ ಮೊದಲೇ ನಿನ್ನ ಬೆರಳಲ್ಲಿ ಎಳೆ ಸಿದ್ಧ. ಪಾಳಿ ಮುಗಿದ ಮೇಲೂ ಒಂದೇ ಕೋಣೆ, ಒಂದೇ ಸ್ಟೋ. ಓಣಿಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದರು. ಹುಪರಿಯ ಬೆಳ್ಳಿ ಕೆಲಸದವರ ಮನೆಯ ಹೆಣ್ಣನ್ನು ನೀನು ಬೇಡ ಅಂದಾಗ ಎಲ್ಲ ಹೊರಬಿತ್ತು. ಅಪ್ಪ ಸಿಟ್ಟಿನ ಭರದಲ್ಲಿ ತಾತ್ಯಾಸಾಹೇಬನನ್ನು ಕರೆಸಿದ.

ಪುಸ್ತಕ ಓದಿ ಹೋದವನು ಸ್ವಲ್ಪ ದಿನ ಬಿಟ್ಟು ಮತ್ತೆ ಬಂದು, ನಿನ್ನ ಹೆಸರಿನ ಮೇಲೆ ಕೇಸ್ ದಾಖಲಾಗಿದೆ, ಪೊಲೀಸರು ಯಾವಾಗಲಾದರೂ ಬರಬಹುದು ಅಂದ. ಗುರಣ್ಣನ ಹೆಸರು ಅದರಲ್ಲಿ ಇನ್ನೂ ಇಲ್ಲ, ಇಬ್ಬರೂ ಕೂಡಿ ಕಂಡರೆ ಅವನದೂ ಸೇರುತ್ತದೆ ಅಂದ. ಅಪ್ಪನ ಸಿಟ್ಟೆಲ್ಲ ಇಳಿದು ಮೋರೆಯಲ್ಲಿ ಬರೀ ಹೆದರಿಕೆ ಉಳಿಯಿತು. "ಹದ್ದ ದಾಟಿಬಿಡೋ ನನ ಮಗನ, ಹದ್ದ ದಾಟಿದ್ರ ಅವರ ಕೈ ಸಾಗೂದಿಲ್ಲ" ಅಂದ. ನೀನು ಮುಂಜಾನೆಯ ಬಸ್ಸು ಹತ್ತಿ ಕರ್ನಾಟಕದ ಗಡಿ ದಾಟಿ ಸಂಕೇಶ್ವರದಲ್ಲಿ ಇಳಿದೆ. ಅಲ್ಲೇ ನಿಂತುಬಿಟ್ಟೆ. ಕೇಸು ಮಹಾರಾಷ್ಟ್ರದ್ದು, ಗಡಿಯ ಬೋರ್ಡಿನಾಚೆ ಬರುವುದಿಲ್ಲ ಅಂತ ನೀನೂ ನಂಬಿದೆ, ನಾನೂ ನಂಬಿದೆ. ಗುರಣ್ಣನಿಗೆ "ನನ್ನ ಕಡೆ ಬರಬ್ಯಾಡ, ನಿನ್ನೂ ಹಿಡೀತಾರ" ಅಂತ ಹೇಳಿ ಕಳಿಸಿ, ಅವನ ಹೆಸರನ್ನೇ ಬಾಯಿಂದ ಬಿಟ್ಟೆ. ಗಡಹಿಂಗ್ಲಜಕ್ಕೂ ಸಂಕೇಶ್ವರಕ್ಕೂ ಬಸ್ಸಿನಲ್ಲಿ ಒಂದು ನಿದ್ದೆಯೂ ಆಗದಷ್ಟು ದಾರಿ. ಅಷ್ಟು ದಾರಿಯನ್ನು ನೀನು ಮೂವತ್ತು ವರ್ಷ ದಾಟಲಿಲ್ಲ. ಅಪ್ಪನ ಮಣ್ಣಿಗೂ ಬರಲಿಲ್ಲ.

ಈಗ ರವಿವಾರಕ್ಕೆ ಬರುತ್ತೇನೆ. ತಾತ್ಯಾ ಓದು ಮುಗಿಸಿ ಸಭೆಯನ್ನು ನೋಡಿದ. ಪ್ರಣಾಲಿ ಎದ್ದು ನಿಂತಳು. "ಅಜ್ಜಾರ, ಆ ಪುಸ್ತಕ ಮುಚ್ಚ್ರಿ. ಎರಡ ಸಾವಿರದ ಹದಿನೆಂಟರಾಗ ಸುಪ್ರೀಂ ಕೋರ್ಟ ಹೇಳಿಬಿಟ್ಟೈತಿ, ಒಪ್ಪಿ ಕೂಡಿ ಇರೋ ವಯಸ್ಸಿಗೆ ಬಂದವರ ಮ್ಯಾಲ ಆ ಕಲಂ ನಡಿಯೂದಿಲ್ಲ ಅಂತ. ಹೋದ ವರ್ಷ ಬಂದ ಹೊಸ ಕಾಯ್ದೇದಾಗ ಅದು ಹೆಸರಿಗೂ ಇಲ್ರಿ" ಅಂದಳು. ತಾತ್ಯಾ ಅವಳತ್ತ ನೋಡಲೂ ಇಲ್ಲ. ಅವಿನಾಶನಿಗೆ ಹೇಳಿದ, "ಕಾಯ್ದಾ ಹೋದ್ರ ಹೋಗ್ಲಿ. ಇದು ನಮ್ಮ ಸಂಸ್ಕೃತಿ, ನಮ್ಮ ಹಿರಿಯರು ಹಾಕಿದ್ದು." ಆಗ ನನಗೆ ಹೊಳೆಯಿತು. ಕಾಯ್ದೆಯೇ ಹೋಗಿದ್ದರೆ ನನ್ನ ತಮ್ಮನ ಕೇಸೂ ಹೋಗಿರಬೇಕಲ್ಲ? ಹೊಸ್ತಿಲಿನಿಂದಲೇ ಕೇಳಿದೆ, "ತಾತ್ಯಾ, ಹಂಗಾರ ನಮ್ಮ ಬಸವಂತನ ಕೇಸ ಏನಾತು?"

ಅವನು ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತಿದ್ದ. ನೆನಪು ಮಾಡಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು, ಬಸವಂತಾ. ನಿನ್ನ ಇಡೀ ಬಾಳು ಅವನ ತಲೆಯಲ್ಲಿ ಹುಡುಕಿ ತೆಗೆಯಬೇಕಾದ ಸಂಗತಿ. ಆಮೇಲೆ ಅಂದ, "ಅದಾ? ಕೇಸ ಎಲ್ಲಿತ್ತಬೇ ತಂಗೆವ್ವಾ! ಹುಡುಗ ಹಾದೀಗೆ ಬರ್ಲಿ ಅಂತ ಸುಮ್ನ ಅಂದಿದ್ದೆ. ಅಂವ ಓಡಿಹೋಗ್ತಾನಂತ ಯಾರಿಗೆ ಗೊತ್ತಿತ್ತು?" ಅಂದು ಚಹಾ ಸುರ್ರೆಂದು ಕುಡಿದು, "ಸಕ್ರಿ ಕಮ್ಮಿ ಆಗೈತಿ ನೋಡ್ರಿ" ಅಂದ.

ಸುಮ್ಮನೆ! ಪೊಲೀಸ್ ಗಾಡಿಯ ಸದ್ದಾದರೆ ನೀನು ಹಿಂದಿನ ಬಾಗಿಲಿಗೆ ಓಡಿದ್ದು, ಅಪ್ಪ ಕೊನೆಗಾಲದಲ್ಲಿ ನಿನ್ನ ಹೆಸರು ಕೂಗುತ್ತ "ಬರಬ್ಯಾಡಂತ ಹೇಳ್ರಿ, ಹಿಡೀತಾರ" ಅಂತ ತಾನೇ ತಡೆದದ್ದು, ನಾನು ಪ್ರತಿ ಸಂತೆಗೆ ಕಳ್ಳಿಯ ಹಾಗೆ ಬುತ್ತಿ ಹೊತ್ತು ಗಡಿ ದಾಟಿದ್ದು, ಎಲ್ಲ ಸುಮ್ಮನೆ. ನಾನು ಎದ್ದು ಹೋಗಿ ಅವನ ಕೈಯಿಂದ ಬಸಿ ಕಸಿದುಕೊಂಡೆ. "ಎದ್ದ ನಡೀರಿ" ಅಂದೆ. ಹಿರಿಯರಿಗೆ ಹಾಗೆ ಅನ್ನಬಾರದಂತೆ, ಅಲ್ಲಿದ್ದವರೊಬ್ಬರು ನನಗೆ ಬುದ್ಧಿ ಹೇಳಿದರು. ಅವರಿಗೂ ಬಾಗಿಲು ತೋರಿಸಿದೆ. ಅವಿನಾಶ ಗೋಡೆ ನೋಡುತ್ತ ಕೂತಿದ್ದ. ತಾತ್ಯಾ ಪುಸ್ತಕ ಎತ್ತಿಕೊಂಡು ಚಪ್ಪಲಿ ಹುಡುಕುತ್ತಿದ್ದರೆ ಹುಡುಕಿಕೊಡಲು ಅವನು ಏಳಲಿಲ್ಲ. ನನ್ನ ಮಗನಲ್ಲಿ ಅಷ್ಟಾದರೂ ಇದೆ.

ಆಮೇಲೆ ನಾನು, ಸೋನಾಲಿ, ಪ್ರಣಾಲಿ ಮಾಳಿಗೆಯ ಮೆಟ್ಟಿಲ ಮೇಲೆ ಕೂತೆವು. ತಾತ್ಯಾ ಹೇಳಿದ ಆ ಹಿರಿಯರು ಯಾರು ಅಂತ ಕೇಳಿದೆ. ಪ್ರಣಾಲಿ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಕಲ್ಕತ್ತೆಯಲ್ಲಿ ಕೂತ ಇಂಗ್ಲಿಷ್ ಸಾಹೇಬನೊಬ್ಬ ಇಡೀ ದೇಶಕ್ಕೆ ಶಿಕ್ಷೆಯ ಕಾಯ್ದೆಯ ಕರಡು ಬರೆದನಂತೆ. ನಮ್ಮ ಒಂದು ಭಾಷೆಯೂ ಬಾರದವನು. ಪ್ರತಿಯೊಂದು ಕಲಮಿಗೂ ಉದ್ದುದ್ದ ಕಾರಣ ಕೊಟ್ಟವನು ಈ ವಿಷಯಕ್ಕೆ ಬಂದಾಗ ಮಾತ್ರ, ಇದು ಹೇಸಿಗೆಯ ಸಂಗತಿ, ಇದರ ಮೇಲೆ ನಾಲ್ಕು ಜನ ಚರ್ಚೆ ಮಾಡುವುದೇ ಬೇಡ, ಅದಕ್ಕೇ ಕಾರಣ ಬರೆಯುವುದಿಲ್ಲ ಅಂದನಂತೆ. ಕಾಯ್ದೆಯಾದದ್ದು ಸಾವಿರದ ಎಂಟುನೂರ ಅರವತ್ತರಲ್ಲಿ. ಅಂದರೆ ನೋಡು, ಜೀವಾವಧಿ ಶಿಕ್ಷೆ ಹಾಕುತ್ತಾರೆ, ಯಾಕೆ ಅಂತ ಬಾಯಿ ಬಿಡುವುದಿಲ್ಲ. ತಾತ್ಯಾನೂ ಹೆಣ್ಣುಮಕ್ಕಳನ್ನು ಒಳಗೆ ಕಳಿಸಹೋದದ್ದು ಅದಕ್ಕೇ. ಇವನ ಹಿರಿಯ ಆ ಸಾಹೇಬನೇ, ನಮ್ಮ ಅಪ್ಪ-ಅಜ್ಜಂದಿರಲ್ಲ!

ಇನ್ನೂ ಉರಿಯುವ ಮಾತು ಕೇಳು. ಆ ಇಂಗ್ಲಿಷರು ತಮ್ಮ ದೇಶದಲ್ಲಿ ಅಂಥ ಕಾಯ್ದೆಯನ್ನು ಸಾವಿರದ ಒಂಬೈನೂರ ಅರವತ್ತೇಳರಲ್ಲೇ ತೆಗೆಯತೊಡಗಿದರಂತೆ. ಆಗ ನೀನಿನ್ನೂ ತೊಟ್ಟಿಲಲ್ಲಿದ್ದೆ. ಅವರು ತಮ್ಮ ಮನೆ ಗುಡಿಸಿಕೊಂಡರು, ಕಸ ನಮ್ಮ ಅಂಗಳದಲ್ಲಿ ಉಳಿಯಿತು, ನಾವು ಅದಕ್ಕೆ ಕುಂಕುಮ ಹಚ್ಚಿ ಸಂಸ್ಕೃತಿ ಅಂತ ಕರೆದೆವು. "ಹಂಗಾರ ಸಾಹೇಬ ಬರೂಕಿಂತ ಮೊದಲ ಎಲ್ಲಾ ಛಂದ ಇತ್ತೇನು?" ಅಂತ ಸೋನಾಲಿ ಕೇಳಿದಳು. "ಛಂದ ಇತ್ತಂತ ನಾ ಅನ್ನಂಗಿಲ್ಲ, ಮಂದಿ ಬಾಯಿ ಆಗೂ ಇತ್ತು. ಖರೆ ಊರಾಗಿನ ಮಂದಿ ಬಾಯಿಗೆ ಪೊಲೀಸರ ಲಾಠಿ ಕೊಟ್ಟಾಂವ ಸಾಹೇಬ" ಅಂದಳು ಪ್ರಣಾಲಿ. ಆ ಹುಡುಗಿ ಸುಳ್ಳು ಹೇಳುವುದಿಲ್ಲ, ಅದು ನನಗೆ ಸೇರಿತು. ನಿಸರ್ಗದ ನಿಯಮವಂತೆ! ಇಚಲಕರಂಜಿಯಲ್ಲಿ ನಿಸರ್ಗ ಎಲ್ಲಿದೆ ಹೇಳು? ಹಗಲೂ ರಾತ್ರಿ ಕರೆಂಟಿನ ಮೇಲೆ ಮಗ್ಗ ಓಡುತ್ತವೆ, ಪಂಚಗಂಗೆಯ ನೀರು ನೊರೆ ಕಟ್ಟಿದೆ. ಅದರ ಮೇಲೆ ಕೇಸ್ ಹಾಕಲು ತಾತ್ಯಾನಿಗೆ ಪುಸ್ತಕ ಸಿಗಲಿಲ್ಲ. ಇಬ್ಬರು ಗಂಡಸರು ಒಂದು ಸ್ಟೋ ಮೇಲೆ ಅನ್ನ ಮಾಡಿಕೊಂಡದ್ದೇ ನಿಸರ್ಗಕ್ಕೆ ಭಾರವಾಯಿತು.

ಕೊನೆಗೆ ನಾನು, ಹೋಗಲಿ ಬಿಡು, ನನ್ನ ತಮ್ಮ ಹದ್ದು ದಾಟಿ ಸಂಕೇಶ್ವರದಲ್ಲಾದರೂ ಸುರಕ್ಷಿತವಾಗಿದ್ದ ಅಂದೆ. ಪ್ರಣಾಲಿ ನಕ್ಕುಬಿಟ್ಟಳು. ನನ್ನ ಮೋರೆ ನೋಡಿ ನಗು ನುಂಗಿಕೊಂಡಳು. "ಆಯಿ, ಆ ಕಾಯ್ದೆ ಇಡೀ ದೇಶಕ್ಕ ಒಂದ ಇತ್ತು. ಸಂಕೇಶ್ವರದಾಗೂ ಅದ ಕಲಂ, ಅದ ಶಿಕ್ಷಾ. ಕೇಸ ಖರೇನ ಇದ್ದಿದ್ರ ಮರುದಿನಾನ ಹೋಗಿ ಹಿಡಕೊಂಡ ಬರ್ತಿದ್ರು" ಅಂದಳು. ಹಾಗಾದರೆ ಅಪ್ಪನಿಗೆ ಹದ್ದಿನ ಮಾತು ಹೇಳಿದವರು ಯಾರು? ನೆನಪಿದೆಯಲ್ಲ ನಿನಗೆ, ನಮ್ಮ ಮುತ್ತಜ್ಜನ ಕತೆ? ಸಂಕೇಶ್ವರದ ಕಡೆ ಇಂಗ್ಲಿಷರ ರಾಜ್ಯವಿದ್ದಾಗ ಅವನ ಮೇಲೆ ಎತ್ತಿನ ಕಳವಿನ ಸುಳ್ಳು ಆರೋಪ ಬಂದು, ರಾತ್ರೋರಾತ್ರಿ ಹಳ್ಳ ದಾಟಿ ಕೊಲ್ಲಾಪುರ ಸಂಸ್ಥಾನದ ನೆಲಕ್ಕೆ ಕಾಲಿಟ್ಟು ಬದುಕಿಕೊಂಡನಂತೆ. ಆಗ ಈಚೆ ಬೇರೆ ಪೊಲೀಸರು, ಆಚೆ ಬೇರೆ ಪೊಲೀಸರು. ಅಪ್ಪ ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ ಕತೆ ಅದು. ಸಂಸ್ಥಾನ ಮುಳುಗಿತು, ಇಂಗ್ಲಿಷರು ಹೋದರು, ಅಪ್ಪನ ತಲೆಯಲ್ಲಿ ಆ ಹಳ್ಳ ಮಾತ್ರ ಹರಿಯುತ್ತಲೇ ಇತ್ತು. ಸಾಹೇಬನ ಕಾಲದ ಕಾಯ್ದೆಗೆ ಹೆದರಿ ಸಾಹೇಬನ ಕಾಲದ ಗಡಿಯ ಹಿಂದೆ ನಿನ್ನನ್ನು ಬಚ್ಚಿಟ್ಟ, ಪಾಪ. ಅಪ್ಪನ ಮೇಲೆ ಸಿಟ್ಟು ಮಾಡಲು ನನಗೆ ಮನಸ್ಸು ಬರುವುದಿಲ್ಲ. ಅವನ ಪಾಲಿನದನ್ನೂ ಸೇರಿಸಿ ತಾತ್ಯಾನ ಮೇಲೆ ಮಾಡುತ್ತಿದ್ದೇನೆ.

ನಿನ್ನ ಮೇಲೂ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ. ಹದಿನೆಂಟರಲ್ಲಿ ಟಿವಿಯವರೆಲ್ಲ ಬಾಯಿ ಬಡಿದುಕೊಂಡಾಗ ನಿನಗೂ ಗೊತ್ತಾಗಿರಲೇಬೇಕು. ಕಾಯ್ದೆ ಹೋದರೂ ಹಳೆಯ ಕೇಸ್ ಹೋಗುವುದಿಲ್ಲ ಅಂತ ಕೂತೆಯೋ, ಅಥವಾ ಹೆದರಿಕೆಯೇ ರೂಢಿಯಾಗಿ ಹೋಯಿತೋ? ಈಗ ಆ ನೆಪವೂ ಉಳಿದಿಲ್ಲ.

ನಿನ್ನೆ ಸೋಮವಾರ ನಾನೇ ಶೆಡ್ಡಿಗೆ ಹೋಗಿ ಗುರಣ್ಣನಿಗೆ ಎಲ್ಲ ಹೇಳಿದೆ. ಬೇರೆಯವರಾದರೆ ತಾತ್ಯಾನನ್ನು ಬೈಯುತ್ತಿದ್ದರು. ಇವನು ಕೊಕ್ಕೆ ಕೆಳಗಿಟ್ಟು, "ಕೇಸ ಇರಲಿಲ್ಲಾ?" ಅಂತ ಒಂದು ಸಲ ಕೇಳಿದ. ಆಮೇಲೆ, "ಬಸೂಗ ಹೇಳೀರೇನು?" ಅಂದ. ನೀನು ಹೋದ ಮೇಲೆ ಅವನಿಗೆ ಯಾವ ಜೊತೆಗಾರನೂ ಹೆಚ್ಚು ದಿನ ಹೊಂದಲಿಲ್ಲ. ಈಗಿರುವವನು ಮೊಬೈಲ್ ನೋಡುತ್ತ ಎಳೆ ಕೊಡುತ್ತಾನೆ. ಗುರಣ್ಣ ದಾರವನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಾನೆ. ಮದುವೆಯಾಗಲಿಲ್ಲ, ಇನ್ನೊಬ್ಬರ ಮಾತೂ ಎತ್ತಲಿಲ್ಲ. ನೀನು ಬಿಟ್ಟುಹೋದ ಸ್ಟೋ ಕೋಣೆಯ ಮೂಲೆಯಲ್ಲಿ ಈಗಲೂ ಇದೆ, ಸೀಮೆಎಣ್ಣೆ ಸಿಗದಿದ್ದರೂ ಗುಜರಿಗೆ ಹಾಕಿಲ್ಲ.

ಅವಿನಾಶ ಮಗಳೊಂದಿಗೆ ಇನ್ನೂ ಮಾತು ಬಿಟ್ಟಿದ್ದಾನೆ. ಆದರೆ ಇವತ್ತು ಮುಂಜಾನೆ ಫೋನಿನಲ್ಲಿ, "ಆ ಅಕಿವಾಟದ ಹುಡಿಗಿ ಉಳ್ಳಾಗಡ್ಡಿ ತಿನ್ನೂದಿಲ್ಲಂದ್ರ ಏನ ತಿಂತಾಳು?" ಅಂತ ನನ್ನನ್ನು ಕೇಳಿದ. ಮದುವೆಗೆ ಕೋರ್ಟು ಇನ್ನೂ ಒಪ್ಪಿಲ್ಲವಂತೆ. ಅದರ ಜೊತೆ ಜಗಳಾಡಲು ಪ್ರಣಾಲಿ ಇದ್ದಾಳೆ, ನನಗೆ ಅವಿನಾಶನೊಬ್ಬ ಸಾಕು.

ನಿನ್ನ ಮೊಣಕಾಲು ಗಟ್ಟಿಯಾಗಲಿ, ಹೊಟ್ಟೆ ತಣ್ಣಗಿರಲಿ, ನೂರು ವರ್ಷ ಬಾಳು. ಹುಡುಗಿಯರಿಬ್ಬರೂ ನಿನಗೆ ನಮಸ್ಕಾರ ಹೇಳಿದ್ದಾರೆ.

ನಿನ್ನ ಅಕ್ಕ,
ತಂಗೆವ್ವ

ಇನ್ನೊಂದು ಮಾತು: ಮಲಕವ್ವ ಬಾಗಿಲಲ್ಲಿ ನಿಂತು ಬಸ್ಸು ಹೋಗುತ್ತದೆ ಅಂತ ಕೂಗುತ್ತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಗುರಣ್ಣನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಬರುವ ಸೋಮವಾರ ಇಲ್ಲೇ ಗಡಹಿಂಗ್ಲಜದಲ್ಲಿ ಒಂದು ಕಣ್ಣಿನ ಆಪರೇಶನ್, ಆಮೇಲೆ ನಮ್ಮ ಮನೆಯಲ್ಲೇ ಇರುತ್ತಾನೆ. ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕಲು ಒಬ್ಬರು ಬೇಕು. ನನ್ನ ಕೈ ನಡುಗುತ್ತದೆ, ನನ್ನಿಂದಾಗದು ಅಂತ ಅವನಿಗೆ ಹೇಳಿದ್ದೇನೆ. ಕೈ ಏನೂ ನಡುಗುವುದಿಲ್ಲ, ಸುಮ್ಮನೆ ಅಂದೆ. ತಾತ್ಯಾನಿಗೊಬ್ಬನಿಗೇ ಬರುತ್ತದೆಯೇ ಸುಮ್ಮನೆ ಅನ್ನಲು? ಸೋನಾಲಿ, ಪ್ರಣಾಲಿ ಬರುತ್ತೇವೆ ಅಂದರು, ಬಂದರೆ ಕಾಲು ಮುರಿಯುತ್ತೇನೆ ಅಂದಿದ್ದೇನೆ. ರವಿವಾರ ಮುಂಜಾನೆಯ ಬಸ್ಸು ಹತ್ತು. ಗಡಿಯ ಬೋರ್ಡು ಬಂದಾಗ ಹೆದರಿಕೆಯಾದರೆ ಕಣ್ಣು ಮುಚ್ಚಿಕೋ, ಸ್ಟ್ಯಾಂಡಿನಲ್ಲಿ ನಾನು ನಿಂತಿರುತ್ತೇನೆ. ಪಟ್ಟಿ ಬಿಚ್ಚುವಾಗ ಅವನ ಎದುರಿಗೆ ಒಬ್ಬರು ಕೂತಿರಬೇಕಂತೆ. ನಾನು ಕೂರುವುದಿಲ್ಲ.